ಐರಾವತದ ಐದನೇ ಸೀಟು

ಮಲಪನಗುಡಿ
ಸೋಮವಾರ, 21-7-1986

ಶ್ರೀಮತ್ ಸಂಡೂರು ಗಿರಿಪ್ರಾಂತ್ಯ ಚಕ್ರವರ್ತಿನಿ, ಅದಿರಿನ ಧೂಳಿನಿಂದ ಅಲಂಕೃತವಾದ ಪಾದಾರವಿಂದಗಳುಳ್ಳ, ಲಾರಿ ಹಾರ್ನುಗಳನ್ನೇ ಮಂಗಳವಾದ್ಯವಾಗಿ ಪಡೆದ, ಗಣಿ ಕ್ವಾರ್ಟರ್ಸಿನ ಎರಡು ಕೋಣೆಯ ಅರಮನೆಯಲ್ಲಿ ವಿರಾಜಮಾನಳಾದ, ಬಾಲ್ಯದಲ್ಲಿ ನನ್ನ ಪಾಲಿನ ಕೊಬ್ಬರಿ ಮಿಠಾಯಿಯನ್ನು ಬಲಪ್ರಯೋಗದಿಂದ ವಶಪಡಿಸಿಕೊಂಡ ವೀರಾಗ್ರಣಿ, ಅಖಂಡ ಸೌಭಾಗ್ಯವತಿ ಅಕ್ಕ ಯಮನಮ್ಮನವರ ದಿವ್ಯ ಸನ್ನಿಧಾನಕ್ಕೆ,

ಕಾಲುವೆಯ ಕೆಸರಿನಲ್ಲಿ ಮೊಣಕಾಲುಮಟ ನಿಂತು, ನಿನ್ನ ಏಕಮಾತ್ರ ತಮ್ಮನೂ, ಬಿ.ಕಾಂ. ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಸಲ ಗೌರವಿಸಿದವನೂ, ಈ ಮನೆಯ ಆಸ್ಥಾನ ಸಾರಥಿಯೂ ಆದ ತಾಯಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕೆಸರಿದೆ ಅಂತ ನಿಂತೇ ಮಾಡಿದ್ದೇನೆ, ಮಲಗಿ ಮಾಡಿದೆ ಅಂತ ತಿಳಿದುಕೊಳ್ಳಬೇಕು.

ನಿನ್ನ ಯುಗಾದಿ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ. ತಡ ಮಾಡಿದ್ದಕ್ಕೆ ಒಂದು ಭಾರಿ ಕಾರಣ ಹುಡುಕುತ್ತ ಕೂತೆ, ಹುಡುಕೋದರಲ್ಲಿ ಇನ್ನೂ ತಡವಾಯಿತು. ಕಾರಣ ಸಿಗಲಿಲ್ಲ. ಸುಸ್ತಾಗಿದೆ ಅಕ್ಕ, ಅಷ್ಟೇ. ಈ ವಯಸ್ಸಿಗೆ ಸುಸ್ತು ಅಂದರೆ ಅಜ್ಜಿ ನಗುತ್ತಾಳೆ. "ನಿನ್ನ ವಯಸ್ಸಿನಾಗ ನಾನು ಡ್ಯಾಮಿಗೆ ಕಲ್ಲು ಹೊತ್ತೀನಲೇ. ನೀ ಏನು ಹೊತ್ತೀಯಪಾ?" ಅನ್ನುತ್ತಾಳೆ. ನಾನು ಏನು ಹೊರುತ್ತೇನೆ ಅನ್ನೋದನ್ನ ಅಜ್ಜಿಗೆ ಹೇಳೋಕೆ ಆಗೋದಿಲ್ಲ. ನಿನಗೆ ಹೇಳುತ್ತೇನೆ.

ನಾನು ಮಾತು ಹೊರುತ್ತೇನೆ. ನೀನು ಓಬಳೇಶ ಮಾವನ ಜೊತೆ ರಿಜಿಸ್ಟರ್ ಮದುವೆ ಆಗಿ ಸಂಡೂರಿಗೆ ಹೋದಾಗಿನಿಂದ ಅಪ್ಪ ಅವ್ವ ಒಬ್ಬರಿಗೊಬ್ಬರು ನೇರ ಮಾತಾಡಿಲ್ಲ. ಅವ್ವನಿಗೆ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟಳು ಅನ್ನೋದು ಅಪ್ಪನ ಸಿಟ್ಟು. ಚೊಚ್ಚಲ ಹೆರಿಗೆಗೂ ಮಗಳನ್ನ ತವರಿಗೆ ಕರೆಸಲಿಲ್ಲ, ಜಾತಿ ಜಾತಿ ಅಂತ ಕೂತ ಅನ್ನೋದು ಅವ್ವನ ಸಿಟ್ಟು. ಎರಡೂ ಸಿಟ್ಟು ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ರೊಟ್ಟಿ ತಿನ್ನುತ್ತವೆ. ನಡುವೆ ನಾನು ದುಭಾಷಿ.

ಅವ್ವ ಅನ್ನುತ್ತಾಳೆ: "ಲೇ ತಾಯಪ್ಪ, ನಿಮ್ಮಪ್ಪಗ ಹೇಳು. ರೊಟ್ಟಿ ಆರಾಕತ್ಯಾವ. ತಿನ್ನೋದಾದ್ರ ತಿನ್ನಲಿ, ಇಲ್ಲಂದ್ರ ಎಮ್ಮಿಗೆ ಹಾಕ್ತೀನಿ."

ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿರುತ್ತಾನೆ. ಕಿವಿ ಚೆನ್ನಾಗಿವೆ. ಆದರೂ ನನ್ನ ಕಡೆ ನೋಡುತ್ತಾನೆ. ನಾನು ಗಂಟಲು ಸರಿಮಾಡಿಕೊಂಡು, "ಅಪ್ಪಾ, ಅವ್ವ ಬಿಸಿ ರೊಟ್ಟಿ ಬಡದಾಳ, ನೀ ಬರ್ತಿ ಅಂತ ದಾರಿ ನೋಡಾಕತ್ಯಾಳ" ಅಂತೀನಿ.

"ಹಸಿವಿಲ್ಲ ಅಂತ ಹೇಳು."

"ಅವ್ವಾ, ಅಪ್ಪ ಕೈಕಾಲು ತೊಳ್ಕೊಂಡು ಬರ್ತಾನಂತ."

ತಮಾಷೆ ಏನು ಗೊತ್ತಾ? ಅವರಿಬ್ಬರೂ ಮೂಲವನ್ನೇ ಕೇಳಿರುತ್ತಾರೆ, ಆದರೆ ನಡೆಯೋದು ನನ್ನ ಅನುವಾದದ ಪ್ರಕಾರ. ಅಪ್ಪ ಎದ್ದು ಕೈ ತೊಳೆಯುತ್ತಾನೆ. ಅವ್ವ ಇನ್ನೊಂದು ರೊಟ್ಟಿ ಬಡಿಯುತ್ತಾಳೆ. ಹೀಗೆ ಆ ಮಾತಿಗೆ ಒಂದು ಚಮಚ, ಈ ಮಾತಿಗೆ ಒಂದು ಚಮಚ ಸಕ್ಕರೆ ಹಾಕುತ್ತ ಈ ಸಂಸಾರವನ್ನ ನಡೆಸಿಕೊಂಡು ಬಂದಿದ್ದೇನೆ. ಮೊದಮೊದಲು ಮಜಾ ಬರುತ್ತಿತ್ತು. ಈಗ ಸಂಜೆ ಊಟದ ಹೊತ್ತಾದರೆ ಸಾಕು, ಪರೀಕ್ಷೆ ಕೋಣೆಯ ಬಾಗಿಲಲ್ಲಿ ನಿಂತಂಗಾಗುತ್ತದೆ.

ಇರಲಿ. ಸಮಾಚಾರಕ್ಕೆ ಬರುತ್ತೇನೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಕಬ್ಬು ಚಲೋ ಎದ್ದಿದೆ, ಬಾಳೆ ಅದಕ್ಕಿಂತ ಚಲೋ. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಆರೋಗ್ಯವಾಗಿದೆ. ಇನ್ನು ಮುಖ್ಯ ರಾಜಕಾರ್ಯ. ನಮ್ಮ ಮನೆಯಲ್ಲಿ ಸಣ್ಣ ಕಾರು ತಗೊಳ್ಳೋ ಮಾತು ಎದ್ದಿದೆ.

ನಿನ್ನ ಹಳೇ ಗೆಳೆಯ ಐರಾವತ, ಅಂದರೆ ನಮ್ಮ ಅಂಬಾಸಿಡರು, ಮುದಿಯಾಗಿದೆ. ಕುಡಿತ ಮಾತ್ರ ಬಿಟ್ಟಿಲ್ಲ. ಹೊಸಪೇಟೆಯ ಪೆಟ್ರೋಲ್ ಬಂಕಿನ ಹುಡುಗ ಅದನ್ನ ದೂರದಿಂದ ಕಂಡರೇ ಎದ್ದು ನಿಲ್ಲುತ್ತಾನೆ, ದೊಡ್ಡ ಗಿರಾಕಿ ಬಂದರು ಅಂತ. ಹೋದ ತಿಂಗಳು ಅವ್ವನ ತವರಿನ ಮದುವೆಗೆ ಕಂಪ್ಲಿಗೆ ಹೋಗಿ ಬರುವಾಗ ನಡುದಾರಿಯಲ್ಲಿ ಹೊಗೆ ಬಿಟ್ಟು ಕೂತುಬಿಟ್ಟಿತು. ಒಂದು ಎತ್ತಿನ ಬಂಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ಅಪ್ಪ ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದ. ಎದುರು ಬಂದವರೆಲ್ಲ, "ಯಜಮಾನ್ರೆ, ಎರಡೆತ್ತಿನ ಗಾಡಿ ಮಸ್ತ್ ಐತಲ್ರಿ! ಹುಲ್ಲಿನ ಮ್ಯಾಲ ಎಷ್ಟು ಓಡ್ತದ?" ಅಂತ ಕೇಳುತ್ತಿದ್ದರು. ಅವತ್ತೇ ಅಪ್ಪನ ಮನಸ್ಸು ಮುರಿಯಿತು ಅನ್ನಿಸುತ್ತದೆ.

ಅದೇ ಹೊತ್ತಿಗೆ ಡ್ಯಾಮಿನ ಆಫೀಸಿನ ಒಬ್ಬ ಇಂಜಿನಿಯರ್ ಸಾಹೇಬರಿಗೆ ವರ್ಗ ಆಯಿತು. ಹೋಗೋ ಊರಲ್ಲಿ ಸರ್ಕಾರಿ ಜೀಪು ಕೊಡುತ್ತಾರಂತೆ, ಅದಕ್ಕೆ ತಮ್ಮ ಮಾರುತಿ ಕಾರು ಮಾರುತ್ತಾರೆ. ಬಿಳೀ ಬಣ್ಣ, ಹೋದ ವರ್ಷದ್ದು, ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಒಂದು ಲೀಟರಿಗೆ ಹದಿನೆಂಟು ಕಿಲೋಮೀಟರ್ ಓಡುತ್ತದೆ ಅಂದರು. ಅಪ್ಪ ನಂಬಲಿಲ್ಲ. "ಎಣ್ಣಿ ವಾಸನಿ ತೋರಿಸಿದ್ರ ಓಡ್ತದನ್ರಿ ಇದು?" ಅಂದ.

ಮನೆಯಲ್ಲಿ ದರ್ಬಾರು ಸೇರಿತು. ಅಜ್ಜಿಗೆ ಮೊದಲು ಹೆಸರಿನ ಚಿಂತೆ. "ಹೊಳಿ ಆಚಿ ಅಂಜನಾದ್ರಿ ಮ್ಯಾಲ ಹುಟ್ಟಿದ ದೇವ್ರು. ಅವನ ಹೆಸರಿಟ್ಟ ಗಾಡ್ಯಾಗ ಚಪ್ಪಲಿ ಮೆಟ್ಟಿಕೊಂಡು ಹತ್ತೋದನು? ನನ್ನ ಕೈಲೆ ಆಗಾದಿಲ್ಲಪಾ" ಅಂದಳು. ಅವ್ವ ಒಲೆ ಮುಂದಿನಿಂದಲೇ, "ನಿಮ್ಮಪ್ಪಗ ಕೇಳು, ದುಡ್ಡು ಉಳಿಸಾಕ ತಗೊಳ್ಳೋದೊ, ಮಂದಿ ಕಮ್ಮಿ ಮಾಡಾಕ ತಗೊಳ್ಳೋದೊ" ಅಂದಳು. ಇದನ್ನ ನಾನು, "ಅವ್ವಗ ಬಣ್ಣ ಯಾವುದು ಅಂತ ತಿಳೀಬೇಕಂತ" ಎಂದು ಅನುವಾದಿಸಿದೆ. ಅಪ್ಪ, "ಬಿಳೀದು ಅಂತ ಹೇಳು" ಅಂದ.

ಅವ್ವನ ಮಾತಿನಲ್ಲಿ ಮುಳ್ಳಿತ್ತು, ಆದರೆ ಸುಳ್ಳಿರಲಿಲ್ಲ. ನೀನೇ ನೆನಪು ಮಾಡಿಕೊ, ಐರಾವತದಲ್ಲಿ ಯಾವತ್ತಾದರೂ ಜಾಗ ಇಲ್ಲ ಅಂದಿದ್ದುಂಟಾ? ಮೇಲೆ ಬಾಳೆಗೊನೆ, ಹಿಂದೆ ಗೊಬ್ಬರದ ಚೀಲ, ಒಳಗೆ ಅರ್ಧ ಓಣಿ. ನಮ್ಮ ಓಣಿಯ ದುರ್ಗಕ್ಕನ ಮಗಳು ಹಿಂದಿನ ಸೀಟಲ್ಲೇ ಹುಟ್ಟಿದ್ದು, ಆಸ್ಪತ್ರೆಗೆ ಹೋಗುವಾಗ ರೈಲ್ವೆ ಗೇಟು ಹಾಕಿತ್ತು ಅಂತ. ಆ ಹುಡುಗಿ ಈಗಲೂ ಗಾಡಿ ಕಂಡರೆ ಬಾಗಿಲು ಮುಟ್ಟಿ, "ಇದು ನಮ್ಮೂರು" ಅನ್ನುತ್ತದೆ. ನಿನಗೆ ಹೊಟ್ಟೆ ತೊಳಸುತ್ತದೆ ಅಂತ ಎಡಗಡೆ ಕಿಟಕಿ ಯಾವಾಗಲೂ ನಿನ್ನದು. ನೀನು ಕಿಟಕಿಗೆ ತಲೆ ಹಾಕಿ, ಕಮಲಾಪುರದಿಂದ ಹಂಪಿ ತನಕ ಪ್ರತಿ ಗುಡ್ಡಕ್ಕೂ ಒಂದು ಹೆಸರಿಡುತ್ತಿದ್ದೆ. ಈಗ ಅಲ್ಲಿ ಅಜ್ಜಿಯ ಎಲೆಅಡಿಕೆ ಚೀಲ ಕೂತಿರುತ್ತದೆ.

ಮನೆಯವರು ಹೀಗೆ ಬಾಯಿ ಬಿಗಿದುಕೊಂಡು ಕೂತದ್ದು ನೋಡಲಾಗದೆ ಒಂದು ಕಿತಾಪತಿ ಮಾಡಿದೆ. ಭಾನುವಾರ ಬೆಳಿಗ್ಗೆ ಐರಾವತವನ್ನ ತೊಳೆದು, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಹೆಡ್‌ಲೈಟಿಗೆ ವಿಭೂತಿ ಬಳಿದು, ಬೇವಿನ ಮರದ ಕೆಳಗೆ ನಿಲ್ಲಿಸಿ ನಿವೃತ್ತಿ ಸಮಾರಂಭ ಏರ್ಪಡಿಸಿದೆ. ಓಣಿ ಮಂದಿ ಎಲ್ಲ ಸೇರಿತು. ನಾನು ಅಪ್ಪನ ಕೋಟು ಹಾಕಿಕೊಂಡು ಕುರ್ಚಿ ಮೇಲೆ ನಿಂತು ಭಾಷಣ ಮಾಡಿದೆ. "ಮಾನ್ಯ ಐರಾವತ ಅವರು ಎಂದೂ ಲಂಚ ಮುಟ್ಟಲಿಲ್ಲ. ಪೆಟ್ರೋಲು ಮಾತ್ರ ಮುಟ್ಟಿದರು. ಹೇಳಿದ ಜಾಗಕ್ಕೆ ಹೋದರು, ಹೇಳದ ಜಾಗದಲ್ಲಿ ನಿಂತರು. ಇಂಥ ಹಿರಿಯರ ಸ್ಥಾನಕ್ಕೆ ಬರುವ ಕಿರಿಯರು ಇವರ ಹೊಟ್ಟೆಯನ್ನಲ್ಲ, ಎದೆಯನ್ನ ಅನುಸರಿಸಬೇಕು!" ಅಂದೆ. ಮಂದಿ ಬಿದ್ದು ಬಿದ್ದು ನಕ್ಕರು. ದುರ್ಗಕ್ಕ ಮಾತ್ರ ನಿಜವಾಗಿ ಅತ್ತುಬಿಟ್ಟಳು. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಅದೇ ಸೆರಗು ಕಣ್ಣಿಗೆ ಹೋಯಿತು, ಒಳಗೆ ಹೋದಳು. ಅಪ್ಪ ಕುರ್ಚಿ ಹತ್ತಿರ ಬಂದು, "ಕೋಟು ಬಿಚ್ಚಿಡು" ಅಂದ, ಅಷ್ಟೇ.

ಮುಂಚೆ ಆಗಿದ್ದರೆ ನೀನು ಹಿಂದಿನಿಂದ ನನಗೆ ಚಪ್ಪಲಿ ಎಸೀತಿದ್ದೆ, ನಾನು ಅದನ್ನ ಹಾರ ಅಂತ ಸ್ವೀಕರಿಸುತ್ತಿದ್ದೆ. ಕಿತಾಪತಿ ಮಾಡೋಕೆ ಇಬ್ಬರು ಬೇಕು ಅಕ್ಕ. ಒಬ್ಬನೇ ಮಾಡಿದರೆ ಅದು ಕೂಲಿ. ಸಮಾರಂಭ ಮುಗಿದ ಮೇಲೆ ಹಾರ ನಾನೇ ತೆಗೆದೆ, ವಿಭೂತಿ ನಾನೇ ಒರೆಸಿದೆ.

ಅದಾದ ಗುರುವಾರ ಮಾರುತಿ ಓಡಿಸಿ ನೋಡೋಕೆ ಎಲ್ಲರೂ ಐರಾವತದಲ್ಲೇ ಡ್ಯಾಮಿನ ಕ್ವಾರ್ಟರ್ಸಿಗೆ ಹೋದೆವು. ಸಾಹೇಬರು ಒಳ್ಳೆಯವರು. ಕೀಲಿ ನನ್ನ ಕೈಗೆ ಕೊಟ್ಟು, "ಹೊಸಪೇಟೆ ತನಕ ಹೋಗಿ ಬನ್ನಿ, ಮನೆಯವರೆಲ್ಲ ಕೂತು ನೋಡಲಿ" ಅಂತ ಗೇಟಿನಲ್ಲೇ ನಿಂತರು. ಅಪ್ಪನನ್ನ ಮುಂದಿನ ಸೀಟಿಗೆ ಹಾಕಿದ್ದು ಒಂದು ಸಾಹಸ. ಮೊದಲು ರುಮಾಲು ತೆಗೆದ, ಆಮೇಲೆ ತಲೆ ಬಗ್ಗಿಸಿದ, ಕೊನೆಗೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಗೂಡಿನಲ್ಲಿ ಕೂತ ಕೊಕ್ಕರೆ ಹಾಗೆ ಕೂತ. ಅಜ್ಜಿಗೆ ಕಾಲು ಇಳಿಬಿಟ್ಟು ಕೂತು ಅಭ್ಯಾಸವೇ ಇಲ್ಲವಲ್ಲ, ಹಿಂದಿನ ಸೀಟಿನ ಮೇಲೆ ಚಕ್ಕಳಬಕ್ಕಳ ಹಾಕಿಕೊಂಡು ಕೂತುಬಿಟ್ಟಳು. ಮೂರು ಮಂದಿ ಕೂಡೋ ಜಾಗದಲ್ಲಿ ಎರಡು ಪಾಲು ಅಜ್ಜಿ. ಉಳಿದದ್ದರಲ್ಲಿ ಅವ್ವ. ಅಲ್ಲಿಗೆ ಕಾರು ತುಂಬಿತು.

ಗಾಡಿ ಏನು ಹೇಳಲಿ, ಬೆಣ್ಣೆಯಲ್ಲಿ ಚಾಕು ಹೋದಂಗೆ ಹೋಯಿತು. ಗೇರ್ ಹಾಕೋಕೆ ಎರಡು ಬೆರಳು ಸಾಕು. ಸದ್ದೇ ಇಲ್ಲ. ಸದ್ದಿಲ್ಲದ್ದೇ ತೊಂದರೆ ಆಯಿತು. ಐರಾವತದಲ್ಲಾದರೆ ಇಂಜಿನ್ ಸದ್ದಿಗೆ ಯಾರೂ ಮಾತಾಡದಿದ್ದರೂ ಮಾತಾಡಿದಂಗೇ ಇರುತ್ತಿತ್ತು. ಇದರಲ್ಲಿ ಅಪ್ಪ ಅವ್ವ ಮಾತಾಡದೆ ಇರೋದು ಚೆನ್ನಾಗಿ ಕೇಳಿಸಿತು.

ಸ್ಟೇಷನ್ ರಸ್ತೆಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಸಣ್ಣ ಮಳೆ. ಅಜ್ಜಿ ಇಳಿದಳು, ಬರಿಗಾಲು. ನೋಡಿದರೆ, ಹತ್ತುವಾಗ ದೇವರ ಗಾಡಿ ಅಂತ ಚಪ್ಪಲಿಯನ್ನ ಸಾಹೇಬರ ಗೇಟಿನ ಮುಂದೆ, ಗುಡಿ ಮುಂದೆ ಬಿಟ್ಟಂಗೆ ಜೋಡಿಸಿ ಬಿಟ್ಟು ಬಂದಿದ್ದಾಳೆ! ಚಹಾ ಕುಡಿದು ಬರೋಷ್ಟರಲ್ಲಿ ಕಾಲೆಲ್ಲ ರಾಡಿ. ಈಗ ರಾಡಿ ಕಾಲು ಮಾರುತಿಗೆ ಹೇಗೆ ಇಡೋದು? ರಸ್ತೆಯಲ್ಲೇ ನಿಂತುಬಿಟ್ಟಳು. ಹಿಂದಿನ ಬಸ್ಸಿನವನು ಹಾರ್ನ್ ಹೊಡೀತಾ, "ಏ ಯಜಮಾನಿ, ಹತ್ತಬೇ ಜಲ್ದಿ!" ಅಂದ. ಅಜ್ಜಿ ಬಿಡುತ್ತಾಳಾ? "ನಿನ್ನ ಬಸ್ಸಿನ ಹೆಸರೇನು ಹೇಳು, ಆಮ್ಯಾಲ ಮಾತಾಡು!" ಅಂದಳು. ಆಗ ಅವ್ವ ಇಳಿದು ತನ್ನ ಸೆರಗಿನಿಂದ ಅಜ್ಜಿಯ ಕಾಲು ಒರೆಸಿದಳು. ಅಪ್ಪ ಒಳಗಿನಿಂದ, ನನಗಲ್ಲ, ನೇರ ಗಾಳಿಗೆ ಅನ್ನೋ ಹಾಗೆ, "ಸೀರಿ ಹೊಲಸಾಗ್ತದ" ಅಂದ. ಅವ್ವನೂ ಗಾಳಿಗೇ, "ಆಗಲಿ" ಅಂದಳು. ನನ್ನ ದುಭಾಷಿ ಉದ್ಯೋಗದಲ್ಲಿ ಇದು ಮೊದಲನೇ ರಜೆ.

ವಾಪಸು ಬಂದೆವು. ಅಜ್ಜಿಯ ಚಪ್ಪಲಿ ಗೇಟಿನ ಮುಂದೆ ಹಾಗೇ ಇದ್ದವು. ಸಾಹೇಬರು, "ಹೇಗಿದೆ ಯಜಮಾನರೆ? ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ ಅಲ್ಲವಾ?" ಅಂತ ಕೇಳಿದರು.

ಅಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಹಿಂದಿನ ಗಾಜಿನಿಂದ ಒಳಗೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ಗಾಡಿ ಭಾಳ ಚಲೋ ಐತ್ರಿ. ಆದ್ರ ಇದ್ರಾಗ ಹಿಡಿಯೋದು ನಾಕು ಮಂದಿ. ನಮ್ಮ ಮನ್ಯಾಗ ಐದು ಮಂದಿ ಅದೀವಿ."

ಸಾಹೇಬರು ನಮ್ಮನ್ನೆಲ್ಲ ಒಂದು ಸಲ ನೋಡಿದರು. "ಐದನೆಯವರು ಬಂದಿಲ್ಲವಾ?" ಅಂದರು.

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ, ಆದರೆ ಐರಾವತದ ಸದ್ದಿತ್ತು.

ಇದು ಆದದ್ದು. ಈಗ ಸ್ಥಿತಿ ಏನು ಅಂದರೆ, ಅಪ್ಪ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. "ಆಷಾಢ ಕಳೀಲಿ, ಪಂಚಮಿ ಆಗಲಿ" ಅಂದಿದ್ದಾನೆ. ಅತ್ತ ಮಾರೆಪ್ಪ ಐರಾವತದ ಮೇಲೆ ಕಣ್ಣಿಟ್ಟಿದ್ದಾನೆ. ಅದೇ, ಹಂಪಿಯಲ್ಲಿ ಫಾರಿನ್‌ನವರನ್ನ ಸುತ್ತಿಸುತ್ತಾನಲ್ಲ, ಅವನು. ಟ್ಯಾಕ್ಸಿ ಮಾಡುತ್ತಾನಂತೆ. ಕಲ್ಲಿನ ರಥ ತೋರಿಸೋಕೆ ಕಬ್ಬಿಣದ ರಥ ಬೇಕಂತೆ.

ಅದಕ್ಕೇ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಾಗರ ಚೌತಿಯ ದಿನ ಬೆಳಿಗ್ಗೆ ಐರಾವತ ತಗೊಂಡು ಸಂಡೂರಿಗೆ ಬರುತ್ತೇನೆ. ಪಂಚಮಿಗೆ ಅಕ್ಕನನ್ನ ಕರೆತರೋದು ತಮ್ಮನ ಹಕ್ಕು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅಪ್ಪನದೂ ಬೇಕಿಲ್ಲ. ಎರಡು ಪಂಚಮಿ ನಾನು ಆ ಹಕ್ಕನ್ನ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕೂತೆ. ಅವ್ವ ಈಗಾಗಲೇ ಶೇಂಗಾ ಹುರಿಯುತ್ತಿದ್ದಾಳೆ, ಉಂಡಿ ಯಾರಿಗೆ ಅಂತ ಯಾರೂ ಕೇಳಿಲ್ಲ. ಕೂಸಿಗೆ ಅಂತ ಅವಳು ಹೊಲಿದ ಕೌದಿ ಡಿಕ್ಕಿಯಲ್ಲಿದೆ. ಬೇವಿನ ಮರಕ್ಕೆ ಜೋಕಾಲಿ ಹಗ್ಗ ನಾನೇ ಕಟ್ಟುತ್ತೇನೆ. ಓಬಳೇಶ ಮಾವನಿಗೆ ರಜೆ ಸಿಕ್ಕರೆ ಅವರೂ ಬರಲಿ, ಮುಂದಿನ ಸೀಟಲ್ಲಿ ನನ್ನ ಪಕ್ಕ. ಕೂಸು ನಿನ್ನ ತೊಡೆ ಮೇಲೆ. ನೀನು ಎಡಗಡೆ ಕಿಟಕಿಗೆ. ಅಜ್ಜಿಯ ಎಲೆಅಡಿಕೆ ಚೀಲಕ್ಕೆ ನಾನು ನೋಟಿಸ್ ಕೊಟ್ಟಿದ್ದೇನೆ.

ಘಾಟಿನಲ್ಲಿ ಗಾಡಿ ಕೆಟ್ಟರೆ ನೂಕೋದು ಮಾವನ ಕೆಲಸ. ಅಳಿಯತನ ಅಲ್ಲಿಂದಲೇ ಶುರುವಾಗಲಿ.

ಅಜ್ಜಿ ನಿನಗೂ ಕೂಸಿಗೂ ದೃಷ್ಟಿ ತೆಗೆದುಕೊಳ್ಳೋಕೆ ಹೇಳಿದ್ದಾಳೆ. ಅವ್ವ ಏನೂ ಹೇಳಿಲ್ಲ, ಆದರೆ ನಾನು ಬರೀತಾ ಕೂತ ಕಡೆ ದೀಪ ತಂದಿಟ್ಟು ಹೋದಳು. ಕೂಸು ನೂರು ವರ್ಷ ಬಾಳಲಿ, ಮಾವನಷ್ಟು ಗಟ್ಟಿಯಾಗಿರಲಿ, ನಿನ್ನಷ್ಟು ಹಟ ಮಾಡಲಿ, ನನ್ನಂತೆ ಪರೀಕ್ಷೆಗಳನ್ನ ಗೌರವಿಸದಿರಲಿ.

ಇಂತಿ, ನಿನ್ನ ಪಾದಧೂಳಿಯನ್ನ (ಅದಿರು ಇರಬಹುದು, ಬೆಲೆ ಬರುತ್ತದೆ) ತಲೆಯಲ್ಲಿ ಧರಿಸುವ,

ಮಲಪನಗುಡಿ ಸಂಸ್ಥಾನದ ಸಾರಥಿ, ದುಭಾಷಿ ಮತ್ತು ವಿದೂಷಕ,
ತಾಯಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿದೆ.

ಅಕ್ಕ, "ನಮ್ಮ ಮನ್ಯಾಗ ಐದು ಮಂದಿ" ಅಂತ ಅಪ್ಪ ಅನ್ನಲಿಲ್ಲ. ಸಾಹೇಬರು ಕೇಳಿದ್ದಕ್ಕೆ ಅವನು ಅಂದದ್ದು, "ಸಾಕ್ರಿ. ನಾವಿರೋದು ನಾಕ ಮಂದಿ" ಅಂತ. ಮಾತು ಮುಗಿದಿದೆ. ಪಂಚಮಿ ಆದ ಮರುದಿನ ಮಾರುತಿ ಬರುತ್ತದೆ, ಮಾರೆಪ್ಪ ಬಂದು ಐರಾವತ ಹೊಡೆದುಕೊಂಡು ಹೋಗುತ್ತಾನೆ. ಕನ್ನಡಕ ಒರೆಸಿಕೊಂಡದ್ದು ನಿಜ. ಮಳೆ ಬರುತ್ತಿತ್ತು.

ಐದು ಅಂದವನು ನಾನು. ಎಲ್ಲರ ಎದುರಿಗೆ, ಜೋರಾಗಿಯೇ ಅಂದೆ. ಅದನ್ನ ಅಪ್ಪನ ಬಾಯಿಗೆ ಹಾಕಿ ಬರೆದೆ, ಇಲ್ಲದಿದ್ದರೆ ನೀನು ಬರೋದಿಲ್ಲ ಅಂತ. ಹರಿದು ಬೇರೆ ಬರೆಯೋಣ ಅಂದರೆ ಕೈ ಏಳುತ್ತಿಲ್ಲ. ಚೌತಿಯ ದಿನ ಗಾಡಿ ತಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸೋದು ಖರೆ. ಹತ್ತೋದು ಬಿಡೋದು ನಿನಗೆ ಬಿಟ್ಟದ್ದು.

ನಾನು ಐದು ಅಂದಾಗ ಅಪ್ಪ ಕೇಳಿಸಿಕೊಂಡ. ಬೈಲಿಲ್ಲ. ಇದಕ್ಕೆ ಸಕ್ಕರೆ ಹಾಕಿಲ್ಲ.